ನೀರು ಹಾಕುವ ಮುನ್ನ

ಚಳಿಗಾಲದ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ನಮ್ಮ ಸಂಪಾದಕರು ಮೂರು ಸಲ ಫೋನ್ ಮಾಡಿದರು. ಕೊನೆಗೆ, "ನೀವು ಮನೆಯೊಳಗೇ ಮೆಂತ್ಯದ ಸೊಪ್ಪು ಬೆಳೆಸ್ತೀರಂತೆ, ಅದನ್ನೇ ಬರೀರಿ, ಹೆಂಗಸರು ಗಂಡಸರು ಎಲ್ಲರಿಗೂ ಉಪಯೋಗ" ಎಂದು ವಿಷಯವನ್ನೂ ಅವರೇ ಕೊಟ್ಟರು. ಒಪ್ಪಿಕೊಂಡೆ. ಬರೆಯಲು ಕುಳಿತರೆ, ಬೆಳೆಸುವುದು ಹೇಗೆ ಎನ್ನುವುದು ಒಂದೇ ಪ್ಯಾರಾದಲ್ಲಿ ಮುಗಿದುಹೋಯಿತು. ಅದರ ಹಿಂದೆ ಬಹಳ ದಿನದಿಂದ ನನ್ನನ್ನು ಕಾಡುತ್ತಿದ್ದ ಒಂದು ಪ್ರಶ್ನೆ ಮಾತ್ರ ಉಳಿದುಕೊಂಡಿತು. ಆದ್ದರಿಂದ ಓದುಗ ಬಂಧುಗಳು ಮೊದಲು ಸೊಪ್ಪನ್ನೂ ಆಮೇಲೆ ನನ್ನ ತಲೆಹರಟೆಯನ್ನೂ ಸಹಿಸಿಕೊಳ್ಳಬೇಕು.

ಮೊದಲು ಸೊಪ್ಪು. ನಮ್ಮ ಮಿನೆಸೋಟದಲ್ಲಿ ಡಿಸೆಂಬರ್ 21ರ ಹಗಲು 9 ಗಂಟೆಗೂ ಕಡಿಮೆ. ಅದೇ ದಿನ ಬೆಂಗಳೂರಿನಲ್ಲಿ 11 ಗಂಟೆಗೂ ಹೆಚ್ಚು ಹೊತ್ತು ಬೆಳಕಿರುತ್ತದೆ. ಹಾಗಾಗಿ ಕಿಟಕಿಯ ಬಿಸಿಲನ್ನೇ ನಂಬಿದರೆ ಮೊಳಕೆಗಳು ಬೆಳಕು ಹುಡುಕುತ್ತಾ ನೂಲಿನಂತೆ ಉದ್ದವಾಗಿ ಬಾಗಿಬಿಡುತ್ತವೆ. ಗ್ಯಾರೇಜಿಗೆ ಹಾಕುವಂಥ ಸಾಧಾರಣ 40 ವ್ಯಾಟಿನ ಎಲ್ಇಡಿ ದೀಪ ಸಾಕು. ಗಿಡದ ತಲೆಯಿಂದ ನಾಲ್ಕೈದು ಇಂಚು ಮೇಲೆ ತೂಗುಹಾಕಿ, ಟೈಮರ್ ಇಟ್ಟು ದಿನಕ್ಕೆ 14 ಗಂಟೆ ಉರಿಸಿ. ತಿಂಗಳಿಗೆ ಸುಮಾರು 17 ಯೂನಿಟ್ ಕರೆಂಟ್. ಯೂನಿಟ್ಟಿಗೆ 15 ಸೆಂಟ್ ಎಂದುಕೊಂಡರೆ ಎರಡೂವರೆ ಡಾಲರ್. ಅಡುಗೆಮನೆಯ ಡಬ್ಬದ ಮೆಂತ್ಯವನ್ನೇ ರಾತ್ರಿ ನೆನೆಸಿ, ತಳದಲ್ಲಿ ತೂತಿರುವ ಟ್ರೇಯಲ್ಲಿ ಮೂರು ಇಂಚು ಮಣ್ಣು ಹರಡಿ ಉದುರಿಸಿದರೆ ಮೂರು ದಿನಕ್ಕೆ ಮೊಳಕೆ, ಮೂರು ನಾಲ್ಕು ವಾರಕ್ಕೆ ಸಾರಿಗಾಗುವಷ್ಟು ಸೊಪ್ಪು. ಕೊತ್ತಂಬರಿ ಬೀಜವನ್ನು ಲಟ್ಟಣಿಗೆಯಿಂದ ಮೆಲ್ಲಗೆ ಒತ್ತಿ ಎರಡು ಹೋಳು ಮಾಡಿ ಬಿತ್ತಬೇಕು. ಒಂದೆರಡು ವಾರ ತಾಳ್ಮೆಯೂ ಬೇಕು. ಅದರ ತಾಯಿಬೇರು ಆಳಕ್ಕೆ ಇಳಿಯುವುದರಿಂದ ಕಿತ್ತು ಬೇರೆ ಕಡೆ ನೆಡಬೇಡಿ. ಪುದೀನ ತಂದಾಗ ಎರಡು ಕಡ್ಡಿ ನೀರಿನ ಲೋಟದಲ್ಲಿಟ್ಟರೆ ತಾನೇ ಬೇರು ಬಿಡುತ್ತದೆ. ದಂಟು, ಬಸಳೆ ಸೆಖೆಯ ಮಕ್ಕಳು. ಅವಕ್ಕೆ ಜೂನ್ ತಿಂಗಳು ಬರಲಿ.

ಇನ್ನು ಪ್ರಶ್ನೆ. ಅದಕ್ಕೆ ಸ್ವಲ್ಪ ಮನೆಯ ಕಥೆ ಹೇಳಬೇಕು.

ಕೆಲವು ವರ್ಷಗಳ ಹಿಂದೆ, ಅಪ್ಪ ತೀರಿಕೊಂಡ ಮೇಲೆ, ಅಮ್ಮ ಅಕ್ಟೋಬರಿನಲ್ಲಿ ಆರು ತಿಂಗಳಿಗೆಂದು ನಮ್ಮಲ್ಲಿಗೆ ಬಂದರು. ಅವರಿಗೆ ಆಗ 72 ವರ್ಷ. ಅರಸೀಕೆರೆ ಹತ್ತಿರದ ನಮ್ಮ ಹಳ್ಳಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಹಿತ್ತಲಿನಲ್ಲೇ ಇರುತ್ತಿದ್ದವರು. ಇಲ್ಲಿ ನಾನು, ನನ್ನ ಹೆಂಡತಿ ಎಂಟಕ್ಕೆ ಮನೆ ಬಿಟ್ಟರೆ ಆರಕ್ಕೆ ವಾಪಸ್. ಮಕ್ಕಳು ನಾಲ್ಕಕ್ಕೆ ಬಂದರೂ ತಮ್ಮ ಕೋಣೆ ಸೇರುತ್ತಿದ್ದರು. ಮೊದಲ ತಿಂಗಳು ಅಮ್ಮ ಆ ಹತ್ತು ಗಂಟೆಗಳನ್ನು ಹೇಗೆ ಕಳೆಯುತ್ತಾರೆ ಎಂದು ನಾವು ಯೋಚಿಸಲೇ ಇಲ್ಲ. ಟಿ.ವಿ. ಇದೆಯಲ್ಲ ಎಂದುಕೊಂಡೆವು. ನವೆಂಬರಿನಲ್ಲಿ ಅವರೇ ಒಂದು ಹಳೆಯ ಅಲ್ಯೂಮಿನಿಯಂ ಬೇಕಿಂಗ್ ಟ್ರೇಗೆ ಮೊಳೆಯಿಂದ ತೂತು ಹೊಡೆದು ಮೆಂತ್ಯ ಹಾಕಿದರು. ದೀಪ ನಾನು ತಂದುಕೊಟ್ಟೆ.

ಡಿಸೆಂಬರ್ ಮೊದಲ ವಾರ ಕಸದ ಚೀಲ ಇಡಲು ಹೋಗಿ ಮೆಟ್ಟಿಲಿನ ಮಂಜುಗಡ್ಡೆಯ ಮೇಲೆ ಜಾರಿ ಬಿದ್ದರು. ದೇವರ ದಯೆ, ಮುರಿಯಲಿಲ್ಲ, ಮಣಿಕಟ್ಟು ಉಳುಕಿತು. ಅಂದಿನಿಂದ ನಮ್ಮ ಮನೆಯಲ್ಲಿ ಕಾನೂನು ಬದಲಾಯಿತು. ಬಾಗಿಲು ತೆಗೆಯಬೇಡಿ. ಒಲೆ ಹಚ್ಚಬೇಡಿ, ನಾವು ಬಂದು ಮಾಡುತ್ತೇವೆ. ಬಟ್ಟೆ ಎತ್ತಬೇಡಿ, ನೆಲಮಾಳಿಗೆಗೆ ಇಳಿಯಬೇಡಿ. ಮಗನಾಗಿ ಕೊನೆಗೂ ಕರ್ತವ್ಯ ಮಾಡುತ್ತಿದ್ದೇನೆ ಎಂಬ ಸಮಾಧಾನ ನನಗೆ.

ಕ್ರಿಸ್‌ಮಸ್ ರಜೆಗೆ ಎಲ್ಲರೂ ಎಂಟು ದಿನ ಫ್ಲಾರಿಡಾದ ನಾದಿನಿಯ ಮನೆಗೆ ಹೊರಟೆವು. ಹೊರಡುವಾಗ ದುಂದು ಬೇಡವೆಂದು ಗಿಡದ ದೀಪ ನಾನೇ ಆರಿಸಿದೆ. ವಾಪಸ್ ಬಂದು ನೋಡಿದರೆ ಮೆಂತ್ಯವೆಲ್ಲ ಒಣಗಿ ಟ್ರೇಯ ಮೇಲೆ ಮಲಗಿತ್ತು. ಲೆಕ್ಕ ಹಾಕಿ ನೋಡಿದೆ: ಉಳಿಸಿದ್ದು 70 ಸೆಂಟಿಗೂ ಕಡಿಮೆ. ಅಮ್ಮ ಏನೂ ಅನ್ನಲಿಲ್ಲ. ಟ್ರೇ ತೊಳೆದು ಬೋರಲು ಹಾಕಿದರು.

ನನಗೆ ಪಶ್ಚಾತ್ತಾಪವಾಯಿತು. ಉಳಿದಿದ್ದ ಒಂದೇ ಕುಂಡ, ಸಂಘದ ಹಿರಿಯರೊಬ್ಬರು ಬೀಜದಿಂದ ಬೆಳೆಸಿ ಕೊಟ್ಟಿದ್ದ ಕರಿಬೇವು. (ಊರಿಂದ ಗಿಡವನ್ನಾಗಲಿ ಹಸಿ ಸೊಪ್ಪನ್ನಾಗಲಿ ಸೂಟ್‌ಕೇಸಿನಲ್ಲಿ ತರಬೇಡಿ. ಅದು ಇಲ್ಲಿ ನಿಷಿದ್ಧ. ಕಿತ್ತಳೆ, ನಿಂಬೆ ತೋಟಗಳನ್ನು ಹಾಳುಮಾಡುವ ಕೀಟ ಅದರ ಜೊತೆ ಬರುತ್ತದೆ.) ಅದನ್ನಾದರೂ ಉಳಿಸಬೇಕೆಂದು ದಿನಾ ಬೆಳಿಗ್ಗೆ ಕಾಫಿಗೆ ಮೊದಲು ಒಂದು ಲೋಟ ನೀರು ಹಾಕತೊಡಗಿದೆ. ಜನವರಿ ಕೊನೆಗೆ ಎಲೆ ಜೋತು ಹಳದಿಯಾಗಿ ಉದುರಿತು. ಬಾಯಾರಿರಬೇಕೆಂದು ಎರಡು ಲೋಟ ಮಾಡಿದೆ. ಒಂದು ಭಾನುವಾರ ಅಮ್ಮ ಬಂದು ಕುಂಡದೊಳಗೆ ಬೆರಳು ಚುಚ್ಚಿ, ಮಣ್ಣು ಮೂಸಿ ನೋಡಿ, "ಇದಕ್ಕೆ ಬಾಯಾರಿಕೆ ಇಲ್ಲ ಕಣೋ, ಉಸಿರು ಕಟ್ಟಿದೆ" ಎಂದರು. ಆಮೇಲೆ, "ನಾಳೆಯಿಂದ ಗಿಡದ ನೀರು ನಾನು ನೋಡ್ಕೋತೀನಿ. ನೀನು ಮುಟ್ಟಬೇಡ" ಎಂದರು. ಬಂದ ನಾಲ್ಕು ತಿಂಗಳಲ್ಲಿ ನಮ್ಮ ಮನೆಯಲ್ಲಿ ಅವರು ಕೊಟ್ಟ ಮೊದಲ ಅಪ್ಪಣೆ ಅದು.

ಅಂದಿನಿಂದ ನನ್ನ ಪ್ರಶ್ನೆ ಇದು: ನಮ್ಮನ್ನು ನಂಬಿಕೊಂಡ ಜೀವದ ವಿಷಯದಲ್ಲಿ ಯಾವುದು ದೊಡ್ಡ ತಪ್ಪು? ಮರೆಯುವುದೋ, ಅತಿಯಾಗಿ ನೋಡಿಕೊಳ್ಳುವುದೋ?

ಮೊದಲು ಈ ನಂಬಿಕೊಳ್ಳುವುದು ಎಂದರೇನು ಎಂದು ನೋಡೋಣ. ಊರಿನ ಹಿತ್ತಲಿನ ಗಿಡ ಪೂರ್ತಿಯಾಗಿ ನಮ್ಮದಾಗಿರಲಿಲ್ಲ. ಒಂದು ವಾರ ನಾವು ಮರೆತರೆ ಮಳೆ ನೆನಪಿಟ್ಟುಕೊಳ್ಳುತ್ತಿತ್ತು. ಬಚ್ಚಲ ನೀರು ಹರಿದು ಬಾಳೆಗೆ ಹೋಗುತ್ತಿತ್ತು. ಹೆಚ್ಚು ನೀರು ಹಾಕಿದರೂ ಭೂಮಿ ಇಂಗಿಸಿಕೊಳ್ಳುತ್ತಿತ್ತು. ನಮ್ಮ ತಪ್ಪುಗಳನ್ನು ತಿದ್ದಲು ಬೇಕಾದಷ್ಟು ಕೈಗಳಿದ್ದವು. ಮನೆಯೊಳಗಿನ ಕುಂಡಕ್ಕೆ ಸೂರ್ಯನೂ ನಾನೇ, ಮಳೆಯೂ ನಾನೇ. ಗಿಡವನ್ನು ಒಳಗೆ ತಂದ ಘಳಿಗೆಯಲ್ಲೇ ಅದರ ಉಳಿದ ನೆಂಟರನ್ನೆಲ್ಲ ದೂರ ಮಾಡಿ ಅವರ ಜಾಗದಲ್ಲಿ ನಾನು ಕುಳಿತಿದ್ದೇನೆ. ಹಳ್ಳಿಯಲ್ಲಿ ಪಕ್ಕದ ಮನೆ, ದೇವಸ್ಥಾನದ ಕಟ್ಟೆ, ಸಂತೆ, ತರಕಾರಿಯವಳು ಇದ್ದ ಅಮ್ಮನಿಗೆ ಇಲ್ಲಿ ನಾವಿಬ್ಬರು ಮಾತ್ರ. ನಮ್ಮ ಸಂಘದಲ್ಲಿ ಅಪ್ಪ ಅಮ್ಮಂದಿರನ್ನು ಕರೆಸಿಕೊಂಡ ಪ್ರತಿಯೊಬ್ಬರಿಗೂ ಇದು ಗೊತ್ತಿರುವ ಮಾತೇ.

ಮರೆವೇ ದೊಡ್ಡ ತಪ್ಪು, ಅತಿ ಆರೈಕೆಯಲ್ಲಿ ಪ್ರೀತಿಯಾದರೂ ಇದೆ ಎಂದು ಒಬ್ಬ ಮಿತ್ರರು ವಾದಿಸಿದರು. ನಾನೂ ಹಾಗೇ ನಂಬಿದ್ದವನು. ಆದರೆ ಎರಡೂ ತಪ್ಪು ಮಾಡಿ ನೋಡಿದ ಮೇಲೆ ಅಷ್ಟು ಖಚಿತವಾಗಿ ಹೇಳಲಾರೆ. ಒಣಗಿದ ಮೆಂತ್ಯ ಕಂಡ ಕೂಡಲೇ ತಪ್ಪು ನನ್ನದೆಂದು ತಿಳಿಯಿತು, ಯಾರೂ ಹೇಳಬೇಕಾಗಿರಲಿಲ್ಲ. ಕರಿಬೇವು ಎಲೆ ಉದುರಿಸಿದಾಗ ನಾನು ಹೇಳಿದ ಮಾತೇ ಬೇರೆ: "ಇಲ್ಲಿಯ ಹವಾ ಅದಕ್ಕೆ ಒಗ್ಗಲಿಲ್ಲ." ದಿನಾ ನೀರು ಹಾಕಿದವನ ತಪ್ಪು ಎಲ್ಲಿಂದ ಬಂತು? ಅದೇ ತಿಂಗಳು ಅಮ್ಮ ಊಟ ಕಡಿಮೆ ಮಾಡಿ, ಮಾತು ಕಡಿಮೆ ಮಾಡಿ, ಮಧ್ಯಾಹ್ನವೆಲ್ಲ ಮಲಗುತ್ತಿದ್ದಾಗ ಅಣ್ಣನಿಗೆ ಫೋನಿನಲ್ಲಿ ಹೇಳಿದ್ದೂ ಅದೇ: "ಅಮ್ಮನಿಗೆ ಇಲ್ಲಿ ಹಿಡಿಸ್ತಿಲ್ಲ." ಮರೆತವನಿಗೆ ನಾಚಿಕೆಯಾಗುವ ದಾರಿ ತೆರೆದಿರುತ್ತದೆ. ಅತಿಯಾಗಿ ಆರೈಕೆ ಮಾಡುವವನು ಆ ಬಾಗಿಲನ್ನು ತಾನೇ ಮುಚ್ಚಿಕೊಂಡು, ತಪ್ಪನ್ನು ಗಿಡದ ಮೇಲೆ ಹಾಕುತ್ತಾನೆ. ಆ ಕಾರಣಕ್ಕೆ ನನಗೆ ಎರಡನೆಯದೇ ಹೆಚ್ಚು ಅಪಾಯಕಾರಿ ಎನ್ನಿಸುತ್ತದೆ.

ಹಾಗೆಂದು ಎಚ್ಚರಿಕೆಯೇ ತಪ್ಪು ಎನ್ನುತ್ತಿಲ್ಲ. ಮಂಜುಗಡ್ಡೆ ಸುಳ್ಳಲ್ಲ. ಎಪ್ಪತ್ತು ದಾಟಿದವರು ಬಿದ್ದರೆ ಆಗುವ ಅನಾಹುತವೂ ಸುಳ್ಳಲ್ಲ. ಆದರೆ ಮೆಟ್ಟಿಲಿಗೆ ಉಪ್ಪು ಹಾಕುವುದು, ಶೂಗಳಿಗೆ ಮುಳ್ಳಿನ ಪಟ್ಟಿ ತಂದುಕೊಡುವುದು, ವಾರಕ್ಕೆರಡು ಬೆಳಿಗ್ಗೆ ಮಾಲ್‌ನೊಳಗೆ ನಡೆಯಲು ಕರೆದೊಯ್ಯುವುದು ಇವೆಲ್ಲ ನನಗೆ ತೊಂದರೆಯ ಕೆಲಸ. "ಹೊರಗೆ ಹೋಗಬೇಡಿ" ಎನ್ನುವುದು ಸುಲಭ. ನನ್ನ ಆರೈಕೆಯಲ್ಲಿ ಎಷ್ಟು ಪಾಲು ಅಮ್ಮನಿಗೋಸ್ಕರ, ಎಷ್ಟು ಪಾಲು ನನ್ನ ನಿಶ್ಚಿಂತೆಗೋಸ್ಕರ ಎಂದು ಕೇಳಿಕೊಂಡಾಗ ಬಂದ ಉತ್ತರ ಹೆಮ್ಮೆಪಡುವಂಥದ್ದಾಗಿರಲಿಲ್ಲ. ಕಾಫಿಗೆ ಮೊದಲಿನ ಆ ಒಂದು ಲೋಟ ನೀರೂ ಹಾಗೆಯೇ. ಅದು ಗಿಡದ ಬಾಯಾರಿಕೆಗಿಂತ ನನ್ನ ಪಶ್ಚಾತ್ತಾಪಕ್ಕೆ ಹಾಕಿದ ನೀರು.

ಆಮೇಲೆ ಓದಿ ತಿಳಿದುಕೊಂಡ ಸಂಗತಿ ಇನ್ನೂ ಸ್ವಾರಸ್ಯದ್ದು. ಚಳಿಗಾಲದ ಕಡಿಮೆ ಬೆಳಕಿನಲ್ಲಿ ಕರಿಬೇವು ಬೆಳೆಯುವುದನ್ನು ಬಹುಮಟ್ಟಿಗೆ ನಿಲ್ಲಿಸಿ ನೀರನ್ನೂ ಬಹಳ ಕಡಿಮೆ ಕುಡಿಯುತ್ತದೆ. ಮಣ್ಣು ಸದಾ ಒದ್ದೆಯಾಗಿದ್ದರೆ ಬೇರಿಗೆ ಗಾಳಿ ಸಿಗದೆ ಕೊಳೆಯುತ್ತದೆ. ಕೊಳೆತ ಬೇರು ನೀರು ಹೀರಲಾರದು. ಹಾಗಾಗಿ ನೀರಿನಲ್ಲೇ ನಿಂತ ಗಿಡವೂ ಬಾಯಾರಿದ ಗಿಡದಂತೆಯೇ ಎಲೆ ಜೋತುಬಿಡುತ್ತದೆ. ಬರೀ ಎಲೆ ನೋಡಿದರೆ ಮರೆವೂ ಅತಿ ಆರೈಕೆಯೂ ಒಂದೇ ರೀತಿ ಕಾಣುತ್ತವೆ. ವ್ಯತ್ಯಾಸ ತಿಳಿಯಬೇಕಾದರೆ ಮಣ್ಣಿಗೆ ಬೆರಳು ಹಾಕಲೇಬೇಕು. ಗಿಡಕ್ಕೆ ಬಾಯಿಲ್ಲ, ಬೆರಳಾದರೂ ಹಾಕುತ್ತೇವೆ. ಮನುಷ್ಯರಿಗೆ ಬಾಯಿದೆ ಎಂದೇ ಏನೋ, ಕೇಳುವುದನ್ನೇ ಬಿಡುತ್ತೇವೆ. ಮಗನ ಕಾಲೇಜಿನ ಅರ್ಜಿಗಳನ್ನೆಲ್ಲ ನಾವೇ ತುಂಬಿಸಿ, ಅವನಿಗೇಕೆ ಉತ್ಸಾಹವಿಲ್ಲ ಎಂದು ಕೊರಗುವವರೂ ನಮ್ಮ ನಡುವೆ ಇದ್ದೇವೆ.

ಹುಲಿಕಲ್ಲಿನಿಂದ ಕುದೂರಿಗೆ ಹೋಗುವ ರಸ್ತೆಯ ಬದಿಯಲ್ಲಿ ಸಾಲುಮರದ ತಿಮ್ಮಕ್ಕ ಮತ್ತು ಅವರ ಗಂಡ ಚಿಕ್ಕಯ್ಯ ನೂರಾರು ಆಲದ ಮರ ಬೆಳೆಸಿದ್ದು ನಮಗೆಲ್ಲ ಗೊತ್ತು; 2019ರಲ್ಲಿ ತಿಮ್ಮಕ್ಕನವರಿಗೆ ಪದ್ಮಶ್ರೀ ಬಂತು. ಅವರು ಸಸಿಗಳನ್ನು ಮಳೆಗಾಲ ನೋಡಿ ನೆಡುತ್ತಿದ್ದರು, ಬೇಸಿಗೆಯಲ್ಲಿ ಬಿಂದಿಗೆಯಲ್ಲಿ ನೀರು ಹೊತ್ತು ಹಾಕುತ್ತಿದ್ದರು, ದನಕ್ಕೆ ಸಿಗದಂತೆ ಮುಳ್ಳು ಕಟ್ಟುತ್ತಿದ್ದರು. ಬೇರು ಆಳಕ್ಕೆ ಇಳಿದ ಮೇಲೆ ಮರಗಳು ತಾವೇ ನಿಂತವು. ಆರೈಕೆಗೆ ಅದಕ್ಕಿಂತ ಒಳ್ಳೆಯ ಮಾದರಿ ನನಗೆ ಗೊತ್ತಿಲ್ಲ: ಬೇಕಾದಾಗ ಬಿಂದಿಗೆ ಹೊರುವುದು, ಬೇಡವಾದಾಗ ಇಳಿಸುವುದು. ನಮ್ಮ ಕುಂಡದ ಗಿಡ ಆಲದ ಮರವಾಗುವುದಿಲ್ಲ, ವಯಸ್ಸಾದ ತಾಯಿಗೆ ನಮ್ಮ ಅಗತ್ಯ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತದೆ, ನಿಜ. ಆದರೂ ಅವರು ಇನ್ನೂ ತಾವೇ ಮಾಡಬಲ್ಲದ್ದನ್ನು ಅವರಿಗೇ ಬಿಡುವಷ್ಟು ಬುದ್ಧಿ ಇರಬೇಕಲ್ಲವೇ?

ಕಥೆ ಮುಗಿಸುತ್ತೇನೆ. ಅಮ್ಮ ಕರಿಬೇವನ್ನು ಕುಂಡದಿಂದ ತೆಗೆದು, ಕೊಳೆತ ಬೇರು ಕತ್ತರಿಸಿ, ಮರಳು ಬೆರೆಸಿದ ಮಣ್ಣಿನಲ್ಲಿ ಕೂರಿಸಿದರು. ಒಲೆಯನ್ನೂ ಅವರ ಕೈಗೆ ವಾಪಸ್ ಕೊಟ್ಟೆವು; ಫೆಬ್ರವರಿಯಲ್ಲಿ ಹೊಸ ಮೆಂತ್ಯದ ಸಾರನ್ನು ಅವರೇ ಮಾಡಿ ಬಡಿಸಿದರು. ಹಗಲು ಹನ್ನೆರಡು ಗಂಟೆಗೆ ಬರುವ ಮಾರ್ಚ್ ಕೊನೆಯಲ್ಲಿ ಕರಿಬೇವಿನ ಬೋಳು ಕಡ್ಡಿಯ ತುದಿಯಲ್ಲಿ ಚಿಗುರು ಕಂಡಿತು. ಏಪ್ರಿಲ್‌ನಲ್ಲಿ ಅಮ್ಮ ಊರಿಗೆ ಹೊರಟರು. ಈಗಲೂ ಭಾನುವಾರ ಮಾತಾಡುವಾಗ ಗಿಡದ ವಿಚಾರ ಬರುತ್ತದೆ. "ನೀರು ಹಾಕಿದೆಯಾ?" ಎಂದು ಅವರು ಕೇಳುವುದಿಲ್ಲ. "ಬೆರಳು ಹಾಕಿ ನೋಡಿದೆಯಾ?" ಎನ್ನುತ್ತಾರೆ.

ಯುಗಾದಿಯ ಊಟಕ್ಕೆ ಬರುವಾಗ ಬೇರು ಬಿಟ್ಟ ಪುದೀನ ಕಡ್ಡಿಗಳನ್ನು ತರುತ್ತೇನೆ. ಬೇಕಾದವರು ಒಂದು ಖಾಲಿ ಮೊಸರಿನ ಡಬ್ಬ ತನ್ನಿ. ತಳಕ್ಕೆ ತೂತು ಹೊಡೆಯುವುದನ್ನು ಮಾತ್ರ ಮರೆಯಬೇಡಿ.