ಕಪಾಟಿನಲ್ಲಿದ್ದೂ ಇಲ್ಲವೆಂದ ಪುಸ್ತಕ

ದಿಗಂಬರ ಮುನಿಗಳು ಮೈಮೇಲೆ ಒಂದು ನೂಲೆಳೆಯನ್ನೂ ಇಟ್ಟುಕೊಳ್ಳುವುದಿಲ್ಲ. ಹಾಗಿದ್ದೂ ಅವರ ಬಳಿ ಮೂರು ವಸ್ತು ಇರಬಹುದು: ನವಿಲುಗರಿಯ ಪಿಂಛಿ, ನೀರಿನ ಕಮಂಡಲು, ಓದಲಿಕ್ಕೆ ಶಾಸ್ತ್ರ. ಇದನ್ನು ಮೊದಲ ಸಲ ತಿಳಿದಾಗ ನನಗಾದ ಹಿಗ್ಗು ಅಷ್ಟಿಷ್ಟಲ್ಲ. ‘ಈ ರದ್ದಿ ಯಾವಾಗ ಹೊರಗ ಹಾಕ್ತೀರಿ’ ಎಂದು ಮನೆಯವಳು ಮೂವತ್ತು ವರ್ಷ ಕೇಳುತ್ತ ಬಂದಿದ್ದಕ್ಕೆ ಕೊನೆಗೂ ಉತ್ತರ ಸಿಕ್ಕಿತ್ತು. ಎಲ್ಲ ಬಿಟ್ಟವರಿಗೇ ಪುಸ್ತಕ ಬಿಡು ಅಂತ ಯಾರೂ ಹೇಳಿಲ್ಲ, ನನಗ್ಯಾಕ ಹೇಳ್ತಿ ಎಂದೆ. ‘ಅವರು ಒಂದ ಇಟ್ಕೋತಾರ, ನಿಮ್ಮವು ಎರಡು ಸಾವಿರ ಅದಾವ’ ಎಂದು ಒಳಗೆ ಹೋದಳು.

ನಾನು ಆರ್‌ಎಂಎಸ್‌ನಲ್ಲಿ ಸಾರ್ಟರ್ ಆಗಿದ್ದವ. ಓಡುವ ರೈಲಿನ ಟಪಾಲು ಡಬ್ಬಿಯಲ್ಲಿ ರಾತ್ರಿಯಿಡೀ ನಿಂತು ಕಾಗದಗಳನ್ನು ಊರೂರಿನ ಗೂಡಿಗೆ ಎಸೆಯುವ ಕೆಲಸ. ಅದರಲ್ಲಿ ನನ್ನ ಪ್ರೀತಿಯ ಪದಾರ್ಥ ಬುಕ್‌ಪೋಸ್ಟ್. ಅದರ ತುದಿಯನ್ನು ಅಂಟಿಸುವಂತಿರಲಿಲ್ಲ. ಒಳಗಿರುವುದು ಪುಸ್ತಕವೇ ಹೌದೋ ಎಂದು ಅಂಚೆಯವರು ನೋಡಲು ಬರಬೇಕಿತ್ತು. ಧಾರವಾಡದ ಮನೋಹರ ಗ್ರಂಥಮಾಲೆಯ ಪೊಟ್ಟಣ ಕೈಗೆ ಬಂದರೆ ಲಾಟೀನಿನಷ್ಟೇ ಮಂಕಾದ ಡಬ್ಬಿಯ ಬೆಳಕಿನಲ್ಲೂ ರಟ್ಟಿನ ಅಂಚು ಕಾಣುತ್ತಿತ್ತು. ಯಾವ ಪುಸ್ತಕ ಯಾವ ಹಳ್ಳಿಗೆ ಹೊರಟಿದೆ ಎಂಬುದು ನನಗೆ ಗೊತ್ತು. ಆ ಹಳ್ಳಿಯ ಓದುಗನನ್ನು ಎಂದೂ ನೋಡದೆಯೇ ಅವನ ಮೇಲೆ ಹೊಟ್ಟೆಕಿಚ್ಚು ಪಟ್ಟಿದ್ದೇನೆ.

ಬೆಂಗಳೂರಿನ ಪಾಳಿ ಬಂದಾಗ ಹಗಲು ರೆಸ್ಟ್‌ಹೌಸಿನಲ್ಲಿ ಮಲಗಬೇಕಾದವ ಅವೆನ್ಯೂ ರಸ್ತೆಯ ಹಳೆ ಪುಸ್ತಕಗಳ ಫುಟ್‌ಪಾತಿನಲ್ಲಿ ಕುಕ್ಕರಗಾಲಿನಲ್ಲಿ ಕೂತಿರುತ್ತಿದ್ದೆ. ಅಲ್ಲಿಂದಲೇ ಬಂದದ್ದು ರಾವಬಹಾದೂರರ ‘ಗ್ರಾಮಾಯಣ’. ಮೊದಲ ಪುಟದಲ್ಲಿ ಯಾರೋ ನೀಲಿ ಶಾಯಿಯಲ್ಲಿ ಹೆಸರು ಬರೆದು ‘ಧಾರವಾಡ’ ಎಂದು ಕೆಳಗೆ ಗೆರೆ ಎಳೆದಿದ್ದರು. ಧಾರವಾಡದ ಪುಸ್ತಕ ಬೆಂಗಳೂರಿಗೆ ಹೋಗಿ ಮತ್ತೆ ಹುಬ್ಬಳ್ಳಿಗೆ ನನ್ನ ಜತೆ ಬಂತು. ಆ ಹೆಸರಿನ ಕೆಳಗೆ ನನ್ನ ಹೆಸರಿನ ರಬ್ಬರ್ ಸ್ಟ್ಯಾಂಪು ಒತ್ತಿದೆ. ವೃತ್ತಿದೋಷ, ಸ್ಟ್ಯಾಂಪು ಒತ್ತದ ವಸ್ತು ನನಗೆ ಪೂರ್ತಿ ನನ್ನದು ಅನ್ನಿಸುವುದಿಲ್ಲ.

ಒಂದು ಸಂಜೆ ಎದುರು ಮನೆಯ ಹುಡುಗ ಬಂದ. ಕನ್ನಡ ಎಂ.ಎ. ಓದುತ್ತಿದ್ದ. ‘ಕಾಕಾರ, ಗ್ರಾಮಾಯಣ ಐತೇನ್ರಿ ನಿಮ್ಮ ಕಡೆ? ಎಂಟು ದಿನಕ್ಕ ತಿರುಗಿ ಕೊಡ್ತೇನ್ರಿ.’

‘ಇಲ್ಲಪಾ. ಯಾರೋ ಒಯ್ದವರು ಕೊಟ್ಟಿಲ್ಲ.’

ಅದು ನನ್ನ ಬೆನ್ನ ಹಿಂದೆಯೇ ಇತ್ತು, ಗಾಜಿನ ಕಪಾಟಿನ ಎರಡನೇ ಸಾಲಿನಲ್ಲಿ. ಹುಡುಗನ ಕಣ್ಣು ನನ್ನ ಭುಜ ದಾಟಿ ಅಲ್ಲಿಗೆ ಹೋಯಿತು, ಅರೆಗಳಿಗೆ ನಿಂತಿತು, ತಿರುಗಿ ನೆಲಕ್ಕಿಳಿಯಿತು. ‘ಆತ್ರಿ ಕಾಕಾರ’ ಎಂದು ಚಪ್ಪಲಿ ಮೆಟ್ಟಿ ಹೊರಟ. ಹಿಂದೆಯೇ ಚಹಾ ತಂದ ನನ್ನಾಕೆ ಎರಡೂ ಕಪ್ಪನ್ನು ಒಳಕ್ಕೆ ಒಯ್ದಳು.

ನಿವೃತ್ತಿಯಾದ ಮೇಲೆ ಪುಸ್ತಕವಿರುವ ಊರುಗಳನ್ನು ನೋಡುವ ಹುಚ್ಚು ಹತ್ತಿತು. ಜನ ಕಾಶಿ ರಾಮೇಶ್ವರಕ್ಕೆ ಹೋದರೆ ನಾನು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಹೋದೆ. ಬಹಳ ಹಿಂದೆ ತಂಜಾವೂರು ಕಡೆಯ ಪಂಡಿತರೊಬ್ಬರು ಒಂದು ಓಲೆಗರಿಯ ಕಟ್ಟನ್ನು ತಂದು ಅಲ್ಲಿ ಕೊಟ್ಟರು. ಅಲ್ಲಿದ್ದ ಶಾಮಾಶಾಸ್ತ್ರಿಗಳು ಅದನ್ನು ಬಿಚ್ಚಿ ನೋಡಿದರೆ ಕೌಟಿಲ್ಯನ ಅರ್ಥಶಾಸ್ತ್ರ. 1909ರಲ್ಲಿ ಅದು ಅಚ್ಚಾಯಿತು. ಆ ಪಂಡಿತರು ‘ಇಲ್ಲಪಾ’ ಎಂದಿದ್ದರೆ ಎಂಬ ಯೋಚನೆ ಬಂದು ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತೆ.

ಆದರೆ ನನ್ನನ್ನು ಅಲ್ಲಾಡಿಸಿದ ಊರು ಮೂಡಬಿದಿರೆ. ಸಾವಿರ ಕಂಬದ ಬಸದಿ ನೋಡಿ ಗುರುಬಸದಿಗೆ ಬಂದೆ. ಇದಕ್ಕೆ ಸಿದ್ಧಾಂತ ಬಸದಿ ಎಂಬ ಹೆಸರೂ ಇದೆ, ಧವಲಾ ಟೀಕೆಯ ತಾಡವೋಲೆಗಳು ಉಳಿದುಬಂದದ್ದು ಇಲ್ಲೇ ಎಂಬ ಕಾರಣಕ್ಕೆ. ಪುಷ್ಪದಂತ, ಭೂತಬಲಿ ಬರೆದ ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ಒಂಬತ್ತನೆಯ ಶತಮಾನದಲ್ಲಿ ಬರೆದ ಟೀಕೆ ಅದು. ಭಾಷೆ ಪ್ರಾಕೃತ ಮತ್ತು ಸಂಸ್ಕೃತ, ಲಿಪಿ ಹಳಗನ್ನಡ. ಬೇರೆಲ್ಲೂ ಉಳಿಯದ ಗ್ರಂಥ. ತಲೆತಲಾಂತರದಿಂದ ಯಾತ್ರಿಕರು ಅದನ್ನು ಕೈಮುಗಿದು ನೋಡಿ ಹೋದರು. ಓದಿದವರಿಲ್ಲ.

ಅದು ಹೊರಗೆ ಬಂದ ಕಥೆ ಯಾವ ಪತ್ತೇದಾರಿ ಕಾದಂಬರಿಗೂ ಕಡಿಮೆಯಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ನಕಲು ಮಾಡುವ ಕೆಲಸ ಶುರುವಾಯಿತು. ಆದರೆ ಆ ನಕಲು ಊರು ಬಿಟ್ಟು ಹೋಗುವುದು ಅಲ್ಲಿಯವರಿಗೆ ಬೇಡವಾಗಿತ್ತು. ನಕಲಿಗೆ ಕೂತವರಲ್ಲಿ ಒಬ್ಬರಾದ ಗಜಪತಿ ಉಪಾಧ್ಯಾಯರು, ಹೆಂಡತಿ ಲಕ್ಷ್ಮೀಬಾಯಿಯ ನೆರವಿನಿಂದ, ಗುಟ್ಟಾಗಿ ಕನ್ನಡ ಲಿಪಿಯಲ್ಲಿ ಇನ್ನೊಂದು ಪ್ರತಿ ಬರೆದರು. ಅದು ಉತ್ತರದ ಸಹಾರನ್‌ಪುರ ಸೇರಿತು. ಅಲ್ಲಿ ನಾಗರಿಗೆ ಇಳಿಸಲು ಕೂತ ಸೀತಾರಾಮ ಶಾಸ್ತ್ರಿಗಳೂ ತಮಗೊಂದು ಗುಟ್ಟು ಪ್ರತಿ ಮಾಡಿಕೊಂಡರು. ಕಳುವಿನ ಮೇಲೆ ಕಳುವು! ಆ ಪ್ರತಿಗಳ ಸಂತಾನದಿಂದಲೇ ಹೀರಾಲಾಲ ಜೈನರು ಸಂಪಾದನೆ ಶುರು ಮಾಡಿದರು, ನಮ್ಮ ಸದಲಗಾದ ಆ.ನೇ. ಉಪಾಧ್ಯೆ ಜತೆಗೂಡಿದರು. ಮೊದಲ ಸಂಪುಟ 1939ರಲ್ಲಿ ಬಂತು, ಒಟ್ಟು 16 ಸಂಪುಟ.

ಆ ರಾತ್ರಿ ಯಾತ್ರಿ ನಿವಾಸದಲ್ಲಿ, ಚೀಲದಲ್ಲಿ ಒಯ್ದಿದ್ದ ಉಮಾಸ್ವಾತಿಯ ತತ್ತ್ವಾರ್ಥಸೂತ್ರ ತೆರೆದೆ. ಜ್ಞಾನಕ್ಕೆ ಪರದೆಯಾಗುವ ಕರ್ಮ ಯಾಕೆ ಅಂಟುತ್ತದೆ ಎಂದು ಆರನೆಯ ಅಧ್ಯಾಯ ಲೆಕ್ಕ ಕೊಡುತ್ತದೆ. ಅದರಲ್ಲಿ ‘ನಿಹ್ನವ’ ಎಂಬ ಒಂದು ಮಾತು. ಗೊತ್ತಿದ್ದೂ, ತನ್ನ ಬಳಿ ಇದ್ದೂ, ಇಲ್ಲವೆಂದು ಮರೆಮಾಡುವುದು. ಅದರ ಪಕ್ಕದಲ್ಲೇ ‘ಮಾತ್ಸರ್ಯ’. ಅಪರಿಗ್ರಹದ ಅಧ್ಯಾಯದಲ್ಲಿ ನನ್ನ ತಪ್ಪು ಸಿಕ್ಕೀತೆಂದು ಹುಡುಕುತ್ತ ಬಂದವನಿಗೆ ಅದು ಬೇರೆ ಮನೆಯಲ್ಲಿ ಕೂತಿತ್ತು. ಎರಡು ಸಾವಿರ ಪುಸ್ತಕ ಇಟ್ಟುಕೊಂಡದ್ದಕ್ಕಿಂತ ಆ ಒಂದನ್ನು ಇಲ್ಲವೆಂದದ್ದು ದೊಡ್ಡದು.

ಕರ್ಮಫಲ ಮುಂದಿನ ಜನ್ಮಕ್ಕೆಂದು ಸುಮ್ಮನಿರಬಹುದಿತ್ತು. ಆದರೆ ಆಗ ಹೊಳೆಯಿತು: ಹುಡುಗ ಹೋದ ದಿನದಿಂದ ನಾನು ಆ ಪುಸ್ತಕ ಮುಟ್ಟಿಯೇ ಇಲ್ಲ. ಕಪಾಟು ಒರೆಸುವಾಗಲೂ ಆ ಸಾಲು ಬಿಟ್ಟು ಒರೆಸಿದ್ದೇನೆ. ಪರದೆ ಬಿದ್ದೇ ಬಿಟ್ಟಿತ್ತು.

ಹಾಗಾದರೆ ಬಸದಿಯವರು ಮಾಡಿದ್ದೂ ಅದೇ ಅಲ್ಲವೇ ಎಂದು ವಾದ ಹೂಡಿಕೊಂಡೆ. ಅಷ್ಟು ಸುಲಭವಲ್ಲ. ಅವರು ಕಂಡಕಂಡವರಿಗೆ ಗರಿ ಬಿಡಿಸಿ ಕೊಟ್ಟಿದ್ದರೆ ಗಜಪತಿ ಉಪಾಧ್ಯಾಯರು ಕದಿಯಲಿಕ್ಕೆ ಏನು ಉಳಿಯುತ್ತಿತ್ತು? ಹುಳ, ಮಳೆಗಾಲ, ಕೈಬೆವರು ಎಲ್ಲದರಿಂದ ಕಾಯ್ದದ್ದು ಆ ಬಿಗಿಮುಷ್ಟಿಯೇ. ಮತ್ತೆ, ಅವರು ಇಲ್ಲ ಎನ್ನಲಿಲ್ಲ. ಇದೆ, ನೋಡು, ಕೈಮುಗಿ ಎಂದರು. ಬಾಗಿಲು ಹಾಕುವುದಕ್ಕೂ ಮನೆಯೇ ಇಲ್ಲವೆನ್ನುವುದಕ್ಕೂ ವ್ಯತ್ಯಾಸವಿದೆ ಎಂದು ನನಗನ್ನಿಸುತ್ತದೆ. ಹೀಗೆ ಹೇಳಿದರೆ ನನ್ನಾಕೆ, ವಕೀಲರಾಗಬೇಕಿತ್ತು ನೀವು ಎನ್ನುತ್ತಾಳೆ.

ಇನ್ನೊಂದು ದಾರಿ ಅತ್ತಿಮಬ್ಬೆಯದು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಓಲೆಯಲ್ಲಿ ಬರೆಸಿ ಹಂಚಿದಳು. ಸಾವಿರ ಪ್ರತಿ ಎಂದರೆ ಎಷ್ಟು ಕಬ್ಬಿಣದ ಕಂಟ ಸವೆದಿರಬೇಕು, ಎಷ್ಟು ಬೆರಳು ಜಡ್ಡುಗಟ್ಟಿರಬೇಕು! ಪೊನ್ನನದೇ ಇನ್ನೊಂದು ಕಾವ್ಯ ಭುವನೈಕರಾಮಾಭ್ಯುದಯ ಇಂದು ಇಲ್ಲ. ಶಾಂತಿಪುರಾಣ ಇದೆ. ಧವಲಾ ಒಂದೇ ಕಡೆ ಇದ್ದು ಉಳಿಯಿತು, ಇದು ಸಾವಿರ ಕಡೆ ಹೋಗಿ ಉಳಿಯಿತು.

ಅವಳು 1007ರಲ್ಲಿ ಬಸದಿ ಕಟ್ಟಿಸಿದ ಲಕ್ಕುಂಡಿಗೆ ಹೋದ ವರ್ಷ ಹೊರಟೆ. ಚೀಲದಲ್ಲಿ ಗ್ರಾಮಾಯಣವಿತ್ತು. ಆ ಹುಡುಗ ಈಗ ಗದಗಿನ ಹತ್ತಿರ ಹೈಸ್ಕೂಲು ಮಾಸ್ತರ. ತಲೆ ಅರ್ಧ ನರೆತಿದೆ. ಪುಸ್ತಕ ಕೈಗಿಟ್ಟು, ಅವತ್ತು ಇಲ್ಲ ಅಂದಿದ್ನೆಲ್ಲ, ಇದು ಎಂದೆ.

‘ಯಾವತ್ತರೀ ಕಾಕಾರ?’ ಎಂದ. ಮರೆತಿದ್ದನೋ, ಮರೆತಂತೆ ಮಾಡಿದನೋ ತಿಳಿಯಲಿಲ್ಲ. ಎರಡೂ ನನಗೆ ಒಂದೇ ಥರ ಚುಚ್ಚಿದವು.

ಮೊದಲ ಪುಟ ತೆರೆದು ನೀಲಿ ಶಾಯಿಯ ಹೆಸರನ್ನೂ ನನ್ನ ಸ್ಟ್ಯಾಂಪನ್ನೂ ಬೆರಳಾಡಿಸಿ ನೋಡಿದ. ಕಿಸೆಯಿಂದ ಪೆನ್ನು ತೆಗೆದು, ‘ಇದರ ಕೆಳಗ ನನ್ನ ಹೆಸರು ಬರೀಲೇನ್ರಿ?’ ಎಂದು ಕೇಳಿದ.

ಬರಿ ಅಂದೆ. ಆಮೇಲೆ, ತಡಿ, ಪೆನ್ಸಿಲ್‌ಲೇ ಬರಿ ಅಂದೆ.