ಮಕ್ಕಳ ಕೈಯಿಂದ ಕೊಡಿಸುವಾಗ

ಒಂದು ರಮಝಾನಿನ ಕೊನೆಯ ವಾರ. ಬಡವರ ಮನೆಗಳಿಗೆ ಈದ್‌ಗೆ ಮುಂಚೆ ಮುಟ್ಟಿಸಲೆಂದು ಮದ್ರಸದ ಮಕ್ಕಳಿಂದ ಅಕ್ಕಿ ಸಂಗ್ರಹಿಸುತ್ತಿದ್ದೆವು. ಉತ್ಸಾಹ ಹೆಚ್ಚಲೆಂದು ತಂದವರ ಹೆಸರನ್ನು ನಾನೇ ಕರಿಹಲಗೆಯ ಮೇಲೆ ಬರೆದೆ. ಮಕ್ಕಳು ಪೈಪೋಟಿಯಿಂದ ತಂದರು. ಆದರೆ ಒಬ್ಬ ಹುಡುಗ ಮರುದಿನದಿಂದ ತರಗತಿಗೆ ಬರಲಿಲ್ಲ. ಆ ಅಕ್ಕಿ ಹೋಗಬೇಕಾಗಿದ್ದ ಮನೆಗಳಲ್ಲಿ ಅವನ ಮನೆಯೂ ಒಂದಾಗಿತ್ತು!

ತಪ್ಪು ಮಕ್ಕಳದ್ದಲ್ಲ, ನನ್ನದು. ಕೊಟ್ಟದ್ದನ್ನು ಎತ್ತಿ ಹೇಳಿ, ಪಡೆದವರ ಮನನೋಯಿಸಿ ದಾನವನ್ನು ನಿಷ್ಫಲಗೊಳಿಸಬಾರದೆಂದು ಪವಿತ್ರ ಕುರ್‌ಆನ್ (2:264) ಎಚ್ಚರಿಸುತ್ತದೆ. ತೋರಿಕೆಯ ದಾನವು ಬಂಡೆಯ ಮೇಲಿನ ತೆಳು ಮಣ್ಣಿನಂತೆ. ಒಂದು ಜಡಿಮಳೆಗೆ ಎಲ್ಲವೂ ಕೊಚ್ಚಿಹೋಗುತ್ತದೆ. ಇದನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದವನೇ ನಾನು!

ಹಾಗಾದರೆ ಮಕ್ಕಳಿಗೆ ಏನನ್ನು ಕಲಿಸಬೇಕು?

ಮೊದಲನೆಯದಾಗಿ, ಅನುಕೂಲಸ್ಥರ ಸಂಪತ್ತಿನಲ್ಲಿ ಬೇಡುವವನಿಗೂ ವಂಚಿತನಿಗೂ ಹಕ್ಕಿದೆ (51:19). ಝಕಾತ್ ಕೊಡುವವನು ಉಪಕಾರ ಮಾಡುವುದಿಲ್ಲ, ಇನ್ನೊಬ್ಬರ ಪಾಲನ್ನು ಮುಟ್ಟಿಸುತ್ತಾನೆ.

ಎರಡನೆಯದಾಗಿ, ಕೊಡುವುದು ಒಳ್ಳೆಯದಾಗಿರಬೇಕು. ಪ್ರಿಯವಾದುದನ್ನು ಖರ್ಚು ಮಾಡದೆ ಪುಣ್ಯ ದಕ್ಕದೆಂಬ ಸೂಕ್ತ (3:92) ಅವತೀರ್ಣವಾದಾಗ ಹಝ್ರತ್ ಅಬೂ ತಲ್ಹಾ(ರ) ತಮಗೆ ಅತಿಪ್ರಿಯವಾಗಿದ್ದ ಬೈರುಹಾ ತೋಟವನ್ನೇ ಅಲ್ಲಾಹನ ಮಾರ್ಗದಲ್ಲಿ ಬಿಟ್ಟುಕೊಟ್ಟರು. ನಾವೋ, ಗುಂಡಿ ಕಿತ್ತುಹೋದ ಅಂಗಿಯನ್ನು ಮಗನ ಕೈಯಲ್ಲಿಟ್ಟು 'ಬಡವರಿಗೆ ಕೊಡು' ಎನ್ನುತ್ತೇವೆ. ಅವನು ಕಲಿಯುವುದು ದಾನವನ್ನಲ್ಲ, ತಾತ್ಸಾರವನ್ನು.

ಮೂರನೆಯದಾಗಿ, ಏನೂ ಇಲ್ಲದವನೂ ದಾನಿಯಾಗಬಲ್ಲನು. ಪ್ರತಿಯೊಬ್ಬ ಮುಸ್ಲಿಮನೂ ಸದಕಾ ಕೊಡಬೇಕೆಂದು ಪ್ರವಾದಿವರ್ಯರು(ಸ) ಹೇಳಿದಾಗ, ಇಲ್ಲದವನೇನು ಮಾಡಬೇಕೆಂದು ಸಹಾಬಿಗಳು ಕೇಳಿದರು. ದುಡಿದು ತಾನೂ ಉಂಡು ಇತರರಿಗೂ ಕೊಡಲಿ. ಆಗದಿದ್ದರೆ ಕಷ್ಟದಲ್ಲಿರುವವನಿಗೆ ನೆರವಾಗಲಿ. ಅದೂ ಆಗದಿದ್ದರೆ ಒಳಿತನ್ನು ಬೋಧಿಸಲಿ. ಕನಿಷ್ಠ ಕೆಡುಕಿನಿಂದ ದೂರವಿರಲಿ, ಅದೂ ಸದಕಾ ಎಂದು ಪ್ರವಾದಿವರ್ಯರು(ಸ) ಕಲಿಸಿದರು (ಬುಖಾರಿ, ಮುಸ್ಲಿಮ್).

ನಾನು ಹಲಗೆ ಒರೆಸಿದೆ. ಹುಡುಗನ ಮನೆಗೆ ಹೋಗಿ ಕ್ಷಮೆ ಕೇಳಿ ಅವನನ್ನು ಕರೆತಂದೆ. ಅಂದು ಪಾಠಕ್ಕೆ ಬದಲು ಮಸೀದಿಯ ದಾರಿಯಲ್ಲಿದ್ದ ಕಲ್ಲುಮುಳ್ಳುಗಳನ್ನು ಎಲ್ಲರೂ ಸೇರಿ ತೆಗೆದೆವು. ದಾರಿಯಿಂದ ಅಡಚಣೆ ಸರಿಸುವುದೂ ಸದಕಾ ಅಲ್ಲವೇ? ಆ ಸದಕಾದಲ್ಲಿ ಕೊಡುವವರು, ಪಡೆಯುವವರು ಎಂಬ ಎರಡು ಸಾಲುಗಳಿರಲಿಲ್ಲ.

ಮಾತಾಪಿತರೇ, ಮಕ್ಕಳ ಕೈಗೆ ಹಣ ಕೊಡುವ ಮುನ್ನ ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಂತೆ ಕೊಡುವ ಶಿಷ್ಟಾಚಾರವನ್ನು ಕಲಿಸಿರಿ. ಹಸಿದವನ ಹೊಟ್ಟೆಯಷ್ಟೇ ಅವನ ಮಾನವೂ ನಮ್ಮ ಹೊಣೆ. ಅಲ್ಲಾಹನು ನಮ್ಮ ದಾನಗಳನ್ನು ತೋರಿಕೆಯಿಂದ ಕಾಪಾಡಿ ಸ್ವೀಕರಿಸಲಿ. ಆಮೀನ್.