ಕೋಣನ ಮುಂದಿನ ಕಿನ್ನರಿ

ಎಷ್ಟು ಹೇಳಿದರೂ ತಲೆಗೆ ಹೋಗದವರನ್ನು ಕಂಡಾಗ ನಾವು ‘ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ’ ಎನ್ನುತ್ತೇವೆ. ಗಾದೆಯಲ್ಲಿರುವುದು ಇಬ್ಬರು: ತಂತಿವಾದ್ಯ ಹಿಡಿದ ವಾದಕ, ಎದುರಿಗೆ ನಿಂತ ಕೋಣ. ತಪ್ಪು ಹೊರಿಸುವುದು ಮಾತ್ರ ಯಾವಾಗಲೂ ಕೋಣನ ಮೇಲೆ. ಆದರೆ ಕೋಣ ದಡ್ಡ ಎಂದು ಗಾದೆ ಎಲ್ಲೂ ಹೇಳಿಲ್ಲ. ಬಾರಿಸಿದ್ದು ವ್ಯರ್ಥವಾಯಿತು ಎಂಬುದಷ್ಟೇ ಅದರಲ್ಲಿದೆ. ಏಕೆ ಎಂಬುದನ್ನು ತುಂಬಿಕೊಂಡವರು ನಾವು. ಯಾರ ಮುಂದೆ ಏನು ಬಾರಿಸುತ್ತಿದ್ದೇನೆಂದು ವಿಚಾರಿಸದ ವಾದಕನಿಗೇ ಈ ಮಾತು ಹೆಚ್ಚು ಸಲ್ಲುತ್ತದೆ ಎಂಬುದು ನನ್ನ ವಾದ. ಪ್ರಾಣಿ, ಗಿಡಗಳೊಂದಿಗೆ ನಂಟು ಬೆಳೆಸಬೇಕೆನ್ನುವವರು ಹೊರಡಬೇಕಾದದ್ದು ಇಲ್ಲಿಂದ.

ಎಮ್ಮೆ ಕಟ್ಟಿದ ಮನೆಗಳು ಇದನ್ನು ಬಲ್ಲವು. ಕರೆಯುವ ಹೊತ್ತಿಗೆ ಎಮ್ಮೆಯ ಕೆಚ್ಚಲಿನ ಕೆಳಭಾಗದಲ್ಲಿ ಸಿದ್ಧವಾಗಿರುವ ಹಾಲು ಒಟ್ಟು ಹಾಲಿನ ಸುಮಾರು ಶೇ. 5 ಮಾತ್ರ. ಉಳಿದದ್ದು ಮೇಲಿನ ಸಣ್ಣ ಸಣ್ಣ ಕೋಶಗಳಲ್ಲಿ ನಿಂತಿರುತ್ತದೆ. ಆಕ್ಸಿಟೋಸಿನ್ ಎಂಬ ಹಾರ್ಮೋನು ರಕ್ತಕ್ಕೆ ಬಂದರಷ್ಟೇ ಅದು ಕೆಳಗಿಳಿಯುತ್ತದೆ. ಎಮ್ಮೆ ಬೆದರಿದರೆ ಆ ಹಾರ್ಮೋನಿಗೆ ತಡೆಯಾಗುತ್ತದೆ. ದಿನವೂ ಒಂದೇ ಕೈ ಕರೆಯಬೇಕು, ಮೊದಲು ಕರು ಬಿಡಬೇಕು, ಮುಂದೆ ಹಿಂಡಿ ಇಡಬೇಕು, ಅಪರಿಚಿತರು ಹತ್ತಿರ ಸುಳಿಯಬಾರದು ಎಂಬ ಹಟ್ಟಿಯ ಕಟ್ಟುಪಾಡುಗಳನ್ನು ಮೂಢನಂಬಿಕೆ ಎನ್ನಲಾಗದು. ಅವು ಎಮ್ಮೆಯ ಮೈಗೆ ಅರ್ಥವಾಗುವ ಮಾತುಗಳು. ಕಿವಿಯ ವಿಷಯದಲ್ಲೂ ಅದೇ ಕಥೆ. ಎಮ್ಮೆಯ ಹತ್ತಿರದ ಬಂಧುವಾದ ಹಸುವಿಗೆ 35,000 ಹರ್ಟ್ಸ್‌ವರೆಗಿನ ದನಿ ಕೇಳಿಸುತ್ತದೆ. ನಮ್ಮ ಕಿವಿ 20,000ಕ್ಕೇ ನಿಲ್ಲುತ್ತದೆ. ಕೇಳುವ ಶಕ್ತಿಗೆ ಕೊರತೆಯಿಲ್ಲ. ಕಿನ್ನರಿಯ ನಾದದಲ್ಲಿ ಕೋಣನಿಗೆ ಬೇಕಾದ ಸುದ್ದಿ ಇಲ್ಲ, ಅಷ್ಟೆ.

ಗಾದೆ ಇರುವುದು ಮನುಷ್ಯರ ಬಗ್ಗೆ, ಕೋಣನನ್ನು ಇಷ್ಟು ಅಕ್ಷರಶಃ ಹಿಡಿಯುವುದು ಅತಿಯಾಯಿತು ಎಂದು ಆಕ್ಷೇಪಿಸಬಹುದು. ಆದರೆ ಕೋಣನ ಬಗೆಗಿನ ತೀರ್ಪನ್ನು ಒಪ್ಪಿಕೊಂಡ ಮೇಲೇ ಆ ಹೋಲಿಕೆ ಮನುಷ್ಯರಿಗೆ ತಗಲುತ್ತದೆ. ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು: ಪ್ರಾಣಿಗಳು ಪ್ರಚೋದನೆಗೆ ಪ್ರತಿಕ್ರಿಯೆ ಕೊಡುತ್ತವೆ, ಅದನ್ನು ಸಂವಾದ ಎನ್ನುವುದು ನಮ್ಮ ಭಾವುಕತೆ. ಇದಕ್ಕೆ ಸಾಕ್ಷಿಯಾಗಿ ಬರ್ಲಿನ್ನಿನ ಹಾನ್ಸ್ ಎಂಬ ಕುದುರೆಯನ್ನು ಕರೆತರುತ್ತಾರೆ. ಲೆಕ್ಕ ಕೇಳಿದರೆ ಗೊರಸು ಬಡಿದು ಉತ್ತರ ಹೇಳುತ್ತಿದ್ದ ಅದರ ಗುಟ್ಟನ್ನು ಆಸ್ಕರ್ ಫುಂಗ್‌ಸ್ಟ್ 1907ರಲ್ಲಿ ಬಯಲು ಮಾಡಿದ. ಸರಿಯಾದ ಎಣಿಕೆ ಬಂದಾಗ ಕೇಳುವವನ ತಲೆ ಅವನಿಗೇ ಅರಿವಿಲ್ಲದೆ ತುಸು ಮೇಲೇಳುತ್ತಿತ್ತು. ಕುದುರೆ ಅದನ್ನು ನೋಡಿ ನಿಲ್ಲಿಸುತ್ತಿತ್ತು. ಪ್ರಶ್ನೆ ಕೇಳಿದವನಿಗೇ ಉತ್ತರ ಗೊತ್ತಿಲ್ಲದಿದ್ದರೆ ಕುದುರೆಯೂ ಸೋಲುತ್ತಿತ್ತು. ಕುದುರೆಗೆ ಗಣಿತ ಬಾರದೆಂದು ಅಂದಿನಿಂದ ಎಲ್ಲರೂ ಪಾಠ ಹೇಳುತ್ತ ಬಂದಿದ್ದಾರೆ. ನಿಜ, ಬರುತ್ತಿರಲಿಲ್ಲ. ಆದರೆ ತನ್ನ ತಲೆ ಅಲುಗಿದ್ದು ತನಗೇ ತಿಳಿಯದ ಮನುಷ್ಯನನ್ನು ಅದು ಓದಿತ್ತಲ್ಲ! ಅಲ್ಲಿ ಗಮನ ಸಾಲದೆ ಹೋದದ್ದು ನಮ್ಮ ಕಡೆಯಲ್ಲಿ.

ಗಿಡಗಳ ಮಾತು ಬಂದಾಗ ಎಚ್ಚರ ಇನ್ನೂ ಹೆಚ್ಚಬೇಕು. 1966ರಲ್ಲಿ ಅಮೆರಿಕದ ಕ್ಲೀವ್ ಬ್ಯಾಕ್‌ಸ್ಟರ್ ಸುಳ್ಳುಪತ್ತೆ ಯಂತ್ರವನ್ನು ಎಲೆಗೆ ಜೋಡಿಸಿ, ಗಿಡಕ್ಕೆ ನಮ್ಮ ಮನಸ್ಸು ತಿಳಿಯುತ್ತದೆಂದ. 1975ರಲ್ಲಿ ಬೇರೆ ವಿಜ್ಞಾನಿಗಳು ಕಟ್ಟುನಿಟ್ಟಾಗಿ ಪರೀಕ್ಷಿಸಿದಾಗ ಅದು ನಿಲ್ಲಲಿಲ್ಲ. ಗಿಡದ ಮುಂದೆ ನಮ್ಮ ಭಾವನೆ ಬಿತ್ತರಿಸಿ ಉತ್ತರ ಬಯಸುವುದೂ ಕಿನ್ನರಿ ಬಾರಿಸುವುದೇ. ಹಾಗೆಂದು ಗಿಡ ಮೂಕವಲ್ಲ. ಎಲೆ ತಿನ್ನುವ ಹುಳು ಕಡಿದಾಗ ಮುಸುಕಿನ ಜೋಳದ ಸಸಿ ಒಂದು ವಾಸನೆ ಬಿಡುತ್ತದೆ; ಅದನ್ನು ಹಿಡಿದು ಬರುವ ಪುಟ್ಟ ಕಣಜ ಆ ಹುಳುವಿನ ಮೈಯೊಳಗೆ ಮೊಟ್ಟೆಯಿಡುತ್ತದೆ. 1990ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕಂಡ ಸೂಕ್ಷ್ಮವೊಂದಿದೆ: ಬರಿದೇ ಗಾಯ ಮಾಡಿದರೆ ಆ ವಾಸನೆ ಅಷ್ಟಾಗಿ ಬರಲಿಲ್ಲ, ಗಾಯಕ್ಕೆ ಹುಳುವಿನ ಬಾಯಿರಸ ತಾಗಿಸಿದಾಗ ಬಂತು. ಕಚ್ಚಿದ್ದು ಯಾರೆಂದು ಸಸಿ ಗುರುತಿಸುತ್ತದೆ.

ಭಾಷೆ ಕಲಿತರೆ ನಂಟು ತಾನಾಗಿ ಬರುತ್ತದೆಯೆ? ಇಲ್ಲ. ತೆಂಗಿನ ತೋಟದಲ್ಲಿ ಕೆಂಪು ಮೂತಿ ಹುಳುವನ್ನು ಅದರದೇ ವಾಸನೆಯಿಂದ ಕರೆದು ಮೋಹಕ ಬಲೆಗೆ ಕೆಡವುತ್ತಾರೆ. ರೈತನಿಗೆ ಅದು ಅಗತ್ಯ, ತಪ್ಪೆನ್ನಲಾರೆ. ಆದರೆ ಅಲ್ಲಿ ಮಾತು ಒಂದೇ ಕಡೆಯಿಂದ ಹೋಗುತ್ತದೆ. ಎದುರಿನ ಜೀವದ ಉತ್ತರ ನಮ್ಮ ನಡೆಯನ್ನೂ ಬದಲಿಸಬೇಕು. ಆಗಲೇ ಅದು ಸಂವಾದ.

ಅಂಥದ್ದೊಂದು ಆಫ್ರಿಕದಲ್ಲಿದೆ. ಮೊಜಾಂಬಿಕ್‌ನ ನಿಯಾಸಾದಲ್ಲಿ ಯಾವೊ ಜನ ಜೇನಿಗೆ ಹೊರಟಾಗ ನಾಲಿಗೆ ಹೊರಳಿಸಿ ‘ಬ್ರ್ರ್ರ್’ ಎಂದು ಕೊನೆಗೆ ‘ಹ್ಮ್’ ಸೇರಿಸುತ್ತಾರೆ. ದಾರಿ ತೋರುವ ಜೇನುಹಕ್ಕಿ ಕಾಡಿನದು, ಯಾರೂ ಪಳಗಿಸಿದ್ದಲ್ಲ. ಕರೆ ಕೇಳಿ ಬಂದು, ಕೂಗುತ್ತ ಮರದಿಂದ ಮರಕ್ಕೆ ಹಾರಿ ಹುಟ್ಟಿನತ್ತ ಒಯ್ಯುತ್ತದೆ. ಮನುಷ್ಯ ಹೊಗೆ ಹಾಕಿ ಮರ ಕಡಿದು ಜೇನು ತೆಗೆಯುತ್ತಾನೆ, ಹಕ್ಕಿಗೆ ಮೇಣ ಉಳಿಯುತ್ತದೆ. ಕ್ಲೇರ್ ಸ್ಪಾಟಿಸ್‌ವುಡ್ ಮತ್ತು ಸಂಗಡಿಗರು 2016ರಲ್ಲಿ ಅಳೆದು ಹೇಳಿದಂತೆ, ಈ ಕರೆ ಕೊಟ್ಟಾಗ ಹಕ್ಕಿ ದಾರಿ ತೋರುವ ಸಂಭವ ಶೇ. 33ರಿಂದ 66ಕ್ಕೆ ಏರುತ್ತದೆ. ಟಾಂಜಾನಿಯಾದ ಹಾಡ್ಜಾ ಜನ ಕರೆಯುವುದು ಸಿಳ್ಳೆಯಿಂದ. 2023ರ ಅಧ್ಯಯನದಲ್ಲಿ ಒಂದು ಕಡೆಯ ಕರೆಯನ್ನು ಇನ್ನೊಂದು ಕಡೆ ಕೇಳಿಸಿ ನೋಡಿದರು. ಹಾಡ್ಜಾ ನಾಡಿನ ಹಕ್ಕಿ ಸಿಳ್ಳೆಗೆ ಮೂರು ಪಟ್ಟಿಗೂ ಹೆಚ್ಚು ಓಗೊಟ್ಟಿತು, ಯಾವೊ ನಾಡಿನದು ತನ್ನೂರಿನ ‘ಬ್ರ್ರ್ರ್-ಹ್ಮ್’ಗೆ ಸುಮಾರು ಇಮ್ಮಡಿ. ಹಕ್ಕಿ ತನ್ನ ನೆರೆಯ ಮನುಷ್ಯರ ನುಡಿ ಕಲಿತಿದೆ.

ಮೇಣದಾಸೆಗೆ ಬರುವ ಹಕ್ಕಿಯದು ಸ್ವಾರ್ಥವಲ್ಲವೆ ಎನ್ನುವವರಿದ್ದಾರೆ. ಹೌದು, ಜೇನು ಬೇಕಾದ ಮನುಷ್ಯನದೂ ಸ್ವಾರ್ಥವೇ. ಇಬ್ಬರಿಗೂ ಬೇಕಾದದ್ದಿದ್ದುದರಿಂದಲೇ ಇಬ್ಬರೂ ಕಲಿತರು, ಕಲಿತದ್ದನ್ನು ಉಳಿಸಿಕೊಂಡರು. ಅಂಗಡಿಯ ಸಕ್ಕರೆ ಬಂದು ಜನ ಜೇನಿಗೆ ಹೋಗುವುದನ್ನೇ ಬಿಟ್ಟ ಕಡೆಗಳಲ್ಲಿ ಹಕ್ಕಿಗಳೂ ದಾರಿ ತೋರುವುದನ್ನು ಬಿಡುತ್ತ ಬಂದಿವೆ.